ಒಂದೇ ಬಾಯಿ, ಎರಡು ಲೆಕ್ಕ

ಹದಿನೇಳು. ಹದಿನೆಂಟು. ಸ್ಲೈಡಮ್ಮನ ಬಲಗೈ ಹೆಬ್ಬೆರಳು ಎಣಿಕೆಯಂತ್ರದ ಗುಂಡಿಯನ್ನು ಇನ್ನೊಮ್ಮೆ ಒತ್ತಿತು. ಹತ್ತೊಂಬತ್ತು!

"ಅಬ್ಬಾ!" ಎಂದು ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಎರಡು ಮೈಕ್ರೋಸ್ಕೋಪು, ಬಣ್ಣದ ಕಲೆ ಬಿದ್ದು ಬಿದ್ದು ಗುಲಾಬಿಯಾಗಿಹೋದ ಒಂದು ಸಿಂಕು, ಗೋಡೆಗೆ ಒರಗಿಸಿಟ್ಟ ಸ್ಲೈಡಿನ ಪೆಟ್ಟಿಗೆಗಳು, ಅಷ್ಟೆ. ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷದಿಂದ ಗಾಜಿನ ಸ್ಲೈಡುಗಳ ಜೊತೆ ಬಾಳುವೆ ಮಾಡಿದವಳನ್ನು ಎಲ್ಲರೂ ಸ್ಲೈಡಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಈಗಿನ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಣ್ಣು ಕೀಳುವಂಥದ್ದು. ಮೊದಲು ಬಾಯಿ ಮುಕ್ಕಳಿಸಲು ಹೇಳಬೇಕು. ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಕೆನ್ನೆಯ ಒಳಮೈಯನ್ನು ಹಗುರಾಗಿ ಕೆರೆದು ಗಾಜಿನ ಮೇಲೆ ಸವರಬೇಕು. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಕೆನ್ನೆಯ ಜೀವಕೋಶಗಳು ಅಗಲವಾಗಿ ಹರಡಿಕೊಂಡಿರುತ್ತವೆ, ಒಂದೊಂದರ ನಡುವೆ ಒಂದೊಂದು ದುಂಡನೆಯ ಕೇಂದ್ರ. ಕೋಶ ಒಂದು ಹೋಗಿ ಎರಡಾಗುವಾಗ ಏನಾದರೂ ಎಡವಟ್ಟಾದರೆ ಕೇಂದ್ರದ ಒಂದು ಚೂರು ಹೊರಗೇ ಉಳಿದು, ಪಕ್ಕದಲ್ಲಿ ಪುಟ್ಟ ಚುಕ್ಕೆಯಾಗಿ ಕೂತುಬಿಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಮೊಳದುದ್ದದ ಹೆಸರಿದೆ, ಈ ನೆಲಮಾಳಿಗೆಯಲ್ಲಿ ಮರಿ ಎನ್ನುತ್ತಿದ್ದರು. ಸಾವಿರ ಕೋಶ ಎಣಿಸಿ ಅದರಲ್ಲಿ ಮರಿ ಇರುವ ಕೋಶ ಎಷ್ಟು ಎಂದು ಬರೆಯುವುದು ಸ್ಲೈಡಮ್ಮನ ಪಾಲಿನ ಕೆಲಸ. ಎಡಗೈಯಲ್ಲಿ ಕೋಶಕ್ಕೊಂದು ಎಣಿಕೆಯಂತ್ರ, ಬಲಗೈಯಲ್ಲಿ ಮರಿಗೊಂದು.

ಆರೋಗ್ಯವಾದ ಬಾಯಲ್ಲಿ ಸಾವಿರಕ್ಕೆ ಒಂದೆರಡು ಮರಿ, ಹೆಚ್ಚೆಂದರೆ ಮೂರು. ಹೊಗೆಸೊಪ್ಪು ಕಂಡ ಬಾಯಲ್ಲಿ ಎಂಟು, ಹತ್ತು, ಹದಿನೈದು. ಹುಣ್ಣಿಲ್ಲ, ನೋವಿಲ್ಲ, ಕನ್ನಡಿಯಲ್ಲಿ ನೋಡಿದರೆ ಕೆನ್ನೆ ಚೆನ್ನಾಗಿಯೇ ಇರುತ್ತದೆ. ಆದರೆ ಒಳಗೆ ಕೋಶಗಳು ಆಗಲೇ ದೂರು ಕೊಡಲು ಶುರುಮಾಡಿರುತ್ತವೆ. ಕ್ಯಾನ್ಸರ್ ಬರುವ ಎಷ್ಟೋ ವರ್ಷ ಮೊದಲೇ ಆ ದೂರನ್ನು ಓದಿಬಿಡಬಹುದಲ್ಲ ಎನ್ನುವುದು ಈ ಅಧ್ಯಯನ ನಡೆಸುತ್ತಿದ್ದ ಡಾಕ್ಟರ ಕನಸು. ಸ್ಲೈಡಮ್ಮನಿಗೂ ಆ ಕನಸು ಅಂಟಿಕೊಂಡು ಎರಡು ತಿಂಗಳಾಗಿತ್ತು. ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲನ್ನು ಅವಳು ಈಗ ಎರಡೆರಡಾಗಿ ಇಳಿಯುತ್ತಿದ್ದಳು.

ಹತ್ತೊಂಬತ್ತು ಎಂದರೆ ಇಲ್ಲಿಯವರೆಗಿನ ದಾಖಲೆ. ಅವಳು ಚೀಟಿಯಲ್ಲಿ '27, ಎಡಗೆನ್ನೆ, 19' ಎಂದು ಬರೆದು ಮೇಲಿನ ಮಹಡಿಗೆ ಓಡಿದಳು.

ಡಾಕ್ಟರು ನಲವತ್ತು ದಾಟಿದ ಮನುಷ್ಯ. ಯೋಚನೆ ಹತ್ತಿದರೆ ಪೆನ್ಸಿಲ್ಲಿನ ಹಿಂತುದಿ ಬಾಯಿಗೆ ಹೋಗುತ್ತಿತ್ತು. ಯಾವ ಸ್ಲೈಡು ಯಾರದು ಎನ್ನುವ ಪಟ್ಟಿ ಅವರ ಬೀರುವಿನಲ್ಲಿ ಮಾತ್ರ. ಎಣಿಸುವವರಿಗೆ ಗೊತ್ತಾಗಕೂಡದು, ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎನ್ನುವುದು ಅವರ ಕಟ್ಟಳೆ. ಅವರವರೇ ತುಂಬಿಕೊಟ್ಟ ಅರ್ಜಿಯ ಪ್ರಕಾರ ಹೊಗೆಸೊಪ್ಪು ಬಳಸುವವರು ಇಪ್ಪತ್ತು ಜನ, ಜನ್ಮದಲ್ಲಿ ಮುಟ್ಟದವರು ಇಪ್ಪತ್ತು ಜನ. ಎಲ್ಲರದೂ ಎರಡು ಕೆನ್ನೆ, ಎರಡು ಸ್ಲೈಡು.

ಡಾಕ್ಟರು ಪಟ್ಟಿ ತೆಗೆದು ನೋಡಿದರು. ಮುಖ ಸಪ್ಪಗಾಯಿತು.

"ಇಪ್ಪತ್ತೇಳು ಮುಟ್ಟದವರ ಗುಂಪು ಕಣಮ್ಮ. ಬಲಗೆನ್ನೆ ಎಷ್ಟು ಬಂದಿತ್ತು?"

"ಎರಡು, ಸಾರ್."

"ಒಂದೇ ಬಾಯಿ. ಬಲಕ್ಕೆ ಎರಡು, ಎಡಕ್ಕೆ ಹತ್ತೊಂಬತ್ತು. ಹೆಂಗಾಗುತ್ತೆ? ಸ್ಲೈಡ್ ಅದಲುಬದಲಾಗಿದೆ. ಇಲ್ಲಾ, ಬಣ್ಣದ ಕಸಾನ ಮರಿ ಅಂತ ಎಣಿಸಿದ್ದೀರಿ."

ಸ್ಲೈಡಮ್ಮನಿಗೆ ಮೈಯೆಲ್ಲ ಉರಿಯಿತು. ಬೇಕಾದರೆ ಅವಳ ಅಡುಗೆಗೆ ಹೆಸರಿಡಿ, ಅವಳ ಸೀರೆಗೆ ಹೆಸರಿಡಿ, ನಕ್ಕು ಸುಮ್ಮನಾಗುತ್ತಾಳೆ. ಎಣಿಕೆಗೆ ಹೆಸರಿಟ್ಟರೆ ಮಾತ್ರ ಬಿಡುವ ಪೈಕಿ ಅಲ್ಲ.

"ಕಸ ಯಾವುದು, ಮರಿ ಯಾವುದು ಅಂತ ಇನ್ನೂ ಗೊತ್ತಾಗಲ್ವಾ ಸಾರ್ ನನಗೆ? ಪ್ರತಿ ಕೆನ್ನೆಗೂ ಇನ್ನೊಂದು ಗಾಜು ಬಣ್ಣ ಹಾಕದೆ ಎತ್ತಿಟ್ಟಿದ್ದೀವಲ್ಲ. ಅದಕ್ಕೆ ಹೊಸದಾಗಿ ಬಣ್ಣ ಕಲಸಿ ಹಾಕ್ತೀನಿ. ನೀವೇ ಪಕ್ಕದಲ್ಲಿ ನಿಂತ್ಕೊಳ್ಳಿ."

ಮರುದಿನ ಡಾಕ್ಟರು ನಿಜವಾಗಿಯೂ ಬಂದು ನಿಂತರು. ಎತ್ತಿಟ್ಟಿದ್ದ ಗಾಜಿಗೆ ಅವಳು ಅವರೆದುರೇ ಬಣ್ಣ ಹಾಕಿದಳು. ಎರಡನೆಯ ಮೈಕ್ರೋಸ್ಕೋಪಿನಲ್ಲಿ ಅವರೂ ನೋಡಿದರು. ಒಂದು ಗಂಟೆಗೂ ಮೇಲೆ ಎರಡೂ ಕಡೆ ಟಿಕ್ ಟಿಕ್. ಅವಳಿಗೆ ಹದಿನೆಂಟು ಬಂತು. ಅವರಿಗೂ ಹದಿನೆಂಟೇ.

"ಕಸ ಅಲ್ಲ," ಎಂದು ಡಾಕ್ಟರು ಒಪ್ಪಿಕೊಂಡರು. "ಮತ್ತೆ ಇದೇನು?" ಪೆನ್ಸಿಲ್ಲು ಬಾಯಿಗೆ ಹೋಯಿತು.

ಸ್ಲೈಡಮ್ಮ ಅವರ ಮುಖವನ್ನೇ ದಿಟ್ಟಿಸಿದಳು. ಎಡಗೆನ್ನೆ ಸ್ವಲ್ಪ ಉಬ್ಬಿತ್ತು. ನಿನ್ನೆಯೂ ಎಡಗೆನ್ನೆಯೇ ಉಬ್ಬಿತ್ತು. ಹತ್ತು ವರ್ಷದಿಂದ ನೋಡುತ್ತಿದ್ದಾಳೆ, ಆ ಪೆನ್ಸಿಲ್ಲು ಒಂದು ದಿನವಾದರೂ ಬಲಗಡೆಗೆ ಹೋದದ್ದಿಲ್ಲ.

"ಸಾರ್! ಆ ಪೆನ್ಸಿಲ್ ಯಾವಾಗಲೂ ಎಡಗಡೇನೇ ಯಾಕೆ ಕಚ್ತೀರಿ?"

"ಅಭ್ಯಾಸ."

"ಅಭ್ಯಾಸ!" ಅವಳು ಚಪ್ಪಾಳೆಯನ್ನೇ ತಟ್ಟಿದಳು. "ಇಪ್ಪತ್ತೇಳನೇ ನಂಬರಿನವರಿಗೂ ಅಭ್ಯಾಸ ಸಾರ್! ಏನನ್ನೋ ಎಡಗಡೆ ಇಟ್ಕೋತಾರೆ, ಒಂದೇ ಕಡೆ, ದಿನಾ! ಅಲ್ಲಿ ಮಾತ್ರ ಮರಿ ಜಾಸ್ತಿ. ಬಲಗೆನ್ನೆ ಪಾಪ, ಅದಕ್ಕೆ ಸುದ್ದೀನೇ ಗೊತ್ತಿಲ್ಲ. ನಮ್ಮ ಎಣಿಕೆ ತಪ್ಪಿಲ್ಲ. ಮುಟ್ಟಿಲ್ಲ ಅಂತ ಹೇಳಿದ್ದೇ ಸುಳ್ಳು!"

ಪೆನ್ಸಿಲ್ಲು ಡಾಕ್ಟರ ಬಾಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಅವರ ಕಣ್ಣು ಅರಳಿತು. "ಅಂದ್ರೆ ಇದು ಮನುಷ್ಯರನ್ನ ಮಾತ್ರ ಅಲ್ಲ, ಒಂದೇ ಬಾಯಲ್ಲಿ ಜಾಗಾನೂ ಹಿಡಿದು ತೋರಿಸುತ್ತೆ! ನಾವು ಅಂದ್ಕೊಂಡಿದ್ದಕ್ಕಿಂತ ಚುರುಕಾಗಿದೆ ಕಣಮ್ಮ ಈ ಎಣಿಕೆ!" ಇಬ್ಬರೂ ಮಕ್ಕಳ ಹಾಗೆ ನಕ್ಕರು. ಆಮೇಲೆ ಡಾಕ್ಟರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಕೂತರು.

"ಇಪ್ಪತ್ತೇಳು ಯಾರು ಅಂತ ಈಗ ನಿಮಗೆ ಹೇಳಲೇಬೇಕು," ಎಂದರು. "ನಿಮ್ಮ ಅತ್ತೆ."

ಸ್ಲೈಡಮ್ಮನ ನಗು ಮುಖದ ಮೇಲೆಯೇ ನಿಂತುಹೋಯಿತು.

ಅವಳ ಅತ್ತೆಗೆ ಊರೆಲ್ಲ ಹೆಡ್‌ಮಿಸ್ ಎನ್ನುತ್ತಿತ್ತು. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಿಯಾಗಿ ಒಂಬತ್ತು ವರ್ಷ, ಆದರೆ ಹುದ್ದೆ ಇನ್ನೂ ಮೈಯಿಂದ ಇಳಿದಿರಲಿಲ್ಲ. ಬೆಳಗ್ಗೆ ದಿನಪತ್ರಿಕೆ ಬಂದರೆ ಕೆಂಪು ಪೆನ್ನು ಹಿಡಿದು ತಪ್ಪುಗಳಿಗೆ ಸುತ್ತು ಹಾಕಿ, ಕೊನೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಐದರ ಮೇಲೆ ಯಾವ ಪತ್ರಿಕೆಗೂ ಬಂದದ್ದಿಲ್ಲ. ಸೊಸೆಗೂ ಬಂದದ್ದಿಲ್ಲ. ಸುಳ್ಳು ಹೇಳಿದವರನ್ನು ಹೆಡ್‌ಮಿಸ್ ಮೂರು ತಲೆಮಾರಿನವರೆಗೆ ಜಾಲಾಡದೆ ಬಿಡುತ್ತಿರಲಿಲ್ಲ. ಮುಟ್ಟದವರ ಗುಂಪಿಗೆ ಅವರನ್ನು ಸ್ಲೈಡಮ್ಮನೇ ಕರೆತಂದಿದ್ದಳು. ಆ ಹೆಂಗಸು ಹೊಗೆಸೊಪ್ಪು ಮುಟ್ಟಿ, ಮುಟ್ಟಿಲ್ಲ ಎಂದು ಬರೆದುಕೊಡುವುದೇ?

"ನಾಳೆ ಕರ್ಕೊಂಡು ಬನ್ನಿ. ನಾನೇ ಮಾತಾಡ್ತೀನಿ," ಎಂದು ಡಾಕ್ಟರು ಹೇಳಿದ್ದರು. ಸ್ಲೈಡಮ್ಮ ಆಯಿತು ಎಂದು ತಲೆಯಾಡಿಸಿದ್ದಳು. ಆದರೆ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.

"ಅತ್ತೆ, ನೀವು ಹೊಗೆಸೊಪ್ಪು ಹಾಕ್ತೀರಾ?"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ನೋಡಿದರು. ಗೋಡೆಗೆ ಮೊಳೆ ಹೊಡೆಯುತ್ತಿದ್ದ ಸ್ಲೈಡಮ್ಮನ ಗಂಡ ಸುತ್ತಿಗೆಯನ್ನು ಎತ್ತಿದ ಕೈಯಲ್ಲೇ ಹಿಡಿದು ನಿಂತ.

"ಏನಂದೆ?"

"ನಿಮ್ಮ ಎಡಗೆನ್ನೇಲಿ ಹತ್ತೊಂಬತ್ತು ಬಂದಿದೆ ಅತ್ತೆ. ಅರ್ಜೀಲಿ ಮಾತ್ರ ಇಲ್ಲ ಅಂತ ಬರ್ದಿದ್ದೀರಿ."

"ತಗೊಂಡು ಬಾ ಆ ಅರ್ಜಿ."

ಚೀಲದಲ್ಲಿ ಒಂದು ಖಾಲಿ ಪ್ರತಿ ಇತ್ತು. ಹೆಡ್‌ಮಿಸ್ ಅದನ್ನು ತರಗತಿಗೆ ಓದಿ ಹೇಳುವಂತೆ ಗಟ್ಟಿಯಾಗಿ ಓದಿದರು. "ಒಂದನೇ ಪ್ರಶ್ನೆ. ನೀವು ಬೀಡಿ, ಸಿಗರೇಟು ಸೇದುತ್ತೀರಾ? ಇಲ್ಲ. ಎರಡನೇ ಪ್ರಶ್ನೆ. ನೀವು ಹೊಗೆಸೊಪ್ಪು ಜಗಿಯುತ್ತೀರಾ? ಇಲ್ಲ. ಮೂರನೇ ಪ್ರಶ್ನೆ ಇಲ್ಲವೇ ಇಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಬರೆದಿದ್ದೀನಿ. ಯಾರು ತಯಾರು ಮಾಡಿದ್ದು ಈ ಪ್ರಶ್ನೆಪತ್ರಿಕೆ?"

"ನಾನೇ," ಎಂದಳು ಸ್ಲೈಡಮ್ಮ. ಧ್ವನಿ ಪಾತಾಳಕ್ಕೆ ಇಳಿದಿತ್ತು.

"ಸೇದೋದೂ ಇಲ್ಲ, ಜಗಿಯೋದೂ ಇಲ್ಲ. ಹಲ್ಲುನೋವಿಗೆ ಒಂದು ಚಿಟಿಕೆ ನಶ್ಯ ಎಡಗಡೆ ವಸಡಿಗೆ ಒತ್ತಿಟ್ಕೋತೀನಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಮಲಗೋವಾಗ ಒಂದು. ಅದು ಔಷಧಿ."

"ಅಮ್ಮಾ, ನಶ್ಯ ಅಂದ್ರೆ ಹೊಗೆಸೊಪ್ಪಿನ ಪುಡಿ ತಾನೇ?" ಎಂದ ಮಗ.

"ನೀನು ಮೊಳೆ ಹೊಡಿ."

"ಎಷ್ಟು ವರ್ಷದಿಂದ ಅತ್ತೆ?" ಎಂದಳು ಸ್ಲೈಡಮ್ಮ.

"ಹದಿನಾರು," ಎಂದರು ಹೆಡ್‌ಮಿಸ್. ಹೇಳಿದ ಮೇಲೆ ಆ ಅಂಕಿ ಅವರಿಗೇ ಹೊಸದಾಗಿ ಕೇಳಿಸಿತೋ ಏನೋ, ಅರ್ಜಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

ಇಪ್ಪತ್ತು ವರ್ಷ ಸ್ಲೈಡಮ್ಮ ಆ ಬಾಯಿಗೆ ಹೆದರಿದ್ದಳು. ಈಗ ಆ ಬಾಯಿಗೆ ಏನಾಗುತ್ತದೋ ಎಂದು ಹೆದರಿದಳು. ಇಷ್ಟು ಹೆದರಿಕೆಯಾಗುವಷ್ಟು ಪ್ರೀತಿ ಎಲ್ಲಿ ಅಡಗಿ ಕೂತಿತ್ತೋ, ಅವಳಿಗೇ ಗೊತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನ ಡಾಕ್ಟರು ದೀಪ ಹಚ್ಚಿ, ಪುಟ್ಟ ಕನ್ನಡಿ ಹಿಡಿದು, ಹೆಡ್‌ಮಿಸ್ಸಿನ ಎಡಗೆನ್ನೆಯನ್ನು ಬೆರಳಿನಿಂದ ಸರಿಸಿ ನೋಡಿದರು. ಮೊದಲು ಏನೂ ಕಾಣಲಿಲ್ಲ. ಕೊನೆಯ ದವಡೆ ಹಲ್ಲಿನ ಆಚೆ, ವಸಡು ಕೆನ್ನೆಗೆ ಸೇರುವ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಬಿಳಿ ಕಲೆ ಸಿಕ್ಕಿತು.

"ಸಿಕ್ತು!" ಎಂದು ಡಾಕ್ಟರು ಕೂಗಿದರು. ರೋಗಿಯ ಎದುರು ಹಾಗೆ ಕೂಗಬಾರದು ಎಂದು ನೆನಪಾಗಿ ಧ್ವನಿ ಇಳಿಸಿದರು. "ನೋಡಿ ಮಿಸ್, ಇದು ಕ್ಯಾನ್ಸರ್ ಅಲ್ಲ. ಹೀಗೇ ಬಿಟ್ಟಿದ್ದರೆ ಆಗೋ ಅಪಾಯ ಇತ್ತು. ಇಷ್ಟು ಚಿಕ್ಕ ಕಲೆನ ಹುಡುಕಬೇಕು ಅಂತ ಯಾರಿಗೂ ಹೊಳೀತಿರಲಿಲ್ಲ. ನಿಮ್ಮ ಸೊಸೆ ಎಣಿಕೆ ಹೇಳ್ತು, ಎಡಗಡೆ ಹುಡುಕು ಅಂತ. ನಶ್ಯ ಇವತ್ತಿಗೆ ಬಿಡಬೇಕು. ಆರು ವಾರ ಆದಮೇಲೆ ಮತ್ತೆ ಕೆರೆದು ಎಣಿಸ್ತೀವಿ. ಕಲೆ ಹೋಗಿ ಮರಿ ಇಳಿದಿದ್ರೆ ಬಚಾವು. ಇಲ್ಲದಿದ್ರೆ ಅಲ್ಲಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು."

"ಪಾಸಾಗೋಕೆ ಎಷ್ಟು ಬರಬೇಕು?" ಎಂದು ಹೆಡ್‌ಮಿಸ್ ಕೇಳಿದರು.

"ಮೂರು, ಇಲ್ಲಾ ಅದಕ್ಕಿಂತ ಕಮ್ಮಿ."

"ಕಮ್ಮಿ ಬಂದರೆ ಪಾಸಾಗೋ ಪರೀಕ್ಷೆ ಇದೇ ಮೊದಲು ನೋಡ್ತಿರೋದು," ಎಂದು ಅವರು ಸೆರಗು ಕೊಡವಿ ಎದ್ದರು.

ಆ ಆರು ವಾರ ಮನೆಯವರು ಪಟ್ಟ ಪಾಡು ದೇವರಿಗೇ ಪ್ರೀತಿ. ಮೊದಲ ವಾರ ಪತ್ರಿಕೆಗಳಿಗೆ ಹತ್ತಕ್ಕೆ ಸೊನ್ನೆ ಬಿತ್ತು. ಎರಡನೆಯ ವಾರ ಮಗನಿಗೆ, ಅವನು ಹೊಡೆದ ಮೊಳೆಗೆ, ಮೊಳೆಗೆ ನೇತುಹಾಕಿದ ಗಡಿಯಾರಕ್ಕೆ ಬೈಗುಳ. ಹಾಳಾಗಿದ್ದ ಹಲ್ಲನ್ನು ಸ್ಲೈಡಮ್ಮ ಆಸ್ಪತ್ರೆಯಲ್ಲೇ ಕೀಳಿಸಿದಳು. ನೋವು ಹೋಯಿತು, ಚಪಲ ಹೋಗಲಿಲ್ಲ. ಮಧ್ಯಾಹ್ನದ ಹೊತ್ತು ಹೆಡ್‌ಮಿಸ್ಸಿನ ಕೈ ತಾನಾಗಿಯೇ ನಶ್ಯದ ಡಬ್ಬಿ ಇರುತ್ತಿದ್ದ ಸೊಂಟದ ಕಡೆಗೆ ಹೋಗಿ, ಅಲ್ಲಿ ಏನೂ ಸಿಗದೆ ಹಿಂದಕ್ಕೆ ಬರುತ್ತಿತ್ತು. ಸ್ಲೈಡಮ್ಮ ಕಂಡೂ ಕಾಣದಂತೆ ಇರುತ್ತಿದ್ದಳು. ಈ ಕಷ್ಟಕಾಲದಲ್ಲಿ ದಿನಾ ಬಂದು ಜೊತೆಗೆ ಕೂರುತ್ತಿದ್ದವರು ಡ್ರಾಯಿಂಗ್ ಮಿಸ್. ಅದೇ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು, ಹೆಡ್‌ಮಿಸ್ಸಿಗಿಂತ ಆರು ವರ್ಷ ಚಿಕ್ಕವರು. ಹೆಡ್‌ಮಿಸ್ ಎದುರು ಇವತ್ತಿಗೂ ಕುರ್ಚಿಯ ತುದಿಯಲ್ಲೇ ಕೂರುವ, ಎಲ್ಲದಕ್ಕೂ ನಗುವ, ಇರುವೆಗೂ ನೋವು ಮಾಡದ ಹೆಂಗಸು.

ಎರಡನೆಯ ಸಲ ಕೆರೆಸಿಕೊಳ್ಳಲು ಹೋದ ದಿನವೂ ಡ್ರಾಯಿಂಗ್ ಮಿಸ್ ಜೊತೆಗೆ ಬಂದಿದ್ದರು. "ಬಂದಿದ್ದೀರಲ್ಲ, ನಿಮ್ಮದೂ ಕೊಟ್ಟುಬಿಡಿ. ನಮಗೆ ಬೇರೆ ಸ್ಲೈಡುಗಳ ಜೊತೆ ಬೆರೆಸೋಕೆ ಬೇಕು," ಎಂದು ಡಾಕ್ಟರು ಒಳಗೆ ಕರೆದರು. ಸ್ಲೈಡಮ್ಮ ಅರ್ಜಿಯನ್ನು ತಿದ್ದಿ ಬರೆದಿದ್ದಳು. ಕೆನ್ನೆಯಲ್ಲಾಗಲಿ ವಸಡಿನಲ್ಲಾಗಲಿ ಏನನ್ನಾದರೂ ಇಟ್ಟುಕೊಳ್ಳುತ್ತೀರಾ ಎನ್ನುವುದು ಈಗ ಮೊದಲನೆಯ ಪ್ರಶ್ನೆ. ತುಂಬಿದ ಅರ್ಜಿಗಳನ್ನು ಡಾಕ್ಟರು ಲಕೋಟೆಗೆ ಹಾಕಿ ಅಂಟಿಸಿದರು, ಸ್ಲೈಡುಗಳಿಗೆ ಹೊಸ ನಂಬರು ಕೊಟ್ಟು ಕಲೆಸಿದರು. ಐದು ಜನ, ಹತ್ತು ಸ್ಲೈಡು. ಅತ್ತೆಯದು ಯಾವುದೆಂದು ಸ್ಲೈಡಮ್ಮನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಅವಳು ಎಣಿಸತೊಡಗಿದಳು. ಮೊದಲ ಸ್ಲೈಡಿನಲ್ಲಿ ಎರಡು. ಎರಡನೆಯದರಲ್ಲಿ ಒಂದು. ಮೂರನೆಯದರಲ್ಲಿ ಮೂರು ಬಂದಾಗ ಜೀವ ಕುಣಿಯಿತು. ಆರನೆಯದು '44, ಎಡಗೆನ್ನೆ'. ಇನ್ನೂರು ಕೋಶ ದಾಟುವುದರೊಳಗೆ ನಾಲ್ಕು ಮರಿ. ಅವಳು ಕಣ್ಣುಜ್ಜಿಕೊಂಡಳು, ಗಾಜನ್ನು ಒರೆಸಿದಳು, ಮತ್ತೆ ನೋಡಿದಳು. ಏಳು. ಹನ್ನೊಂದು. 'ಬೇಡ, ಬೇಡ,' ಎಂದು ಬಾಯಿಬಿಟ್ಟು ಹೇಳಿಕೊಂಡಳು, ಹೆಬ್ಬೆರಳು ಮಾತ್ರ ಕೇಳಲಿಲ್ಲ. ಹದಿನಾಲ್ಕು. ಹದಿನೆಂಟು. 44ರ ಬಲಗೆನ್ನೆ ಎರಡು. ಮತ್ತೆ ಅದೇ, ಒಂದೇ ಬಾಯಿಗೆ ಎರಡು ಲೆಕ್ಕ. ಉಳಿದ ಎಂಟರಲ್ಲಿ ಮೂರರ ಮೇಲೆ ಒಂದೂ ಇರಲಿಲ್ಲ. ಅಂದರೆ ಅತ್ತೆಯ ಕೆನ್ನೆ ಇಳಿದಿರಲಿಲ್ಲ. ಕತ್ತರಿಸಬೇಕಾಗುತ್ತದೆ.

ಮರುದಿನ ಹತ್ತು ಗಂಟೆಗೆ ಡಾಕ್ಟರ ಕೋಣೆಯಲ್ಲಿ ನಾಲ್ವರು. ಒಬ್ಬೊಬ್ಬರಿಗೇ ಬೇರೆ ಬೇರೆ ಹೇಳುತ್ತೇನೆ, ನೀವು ಹೊರಗೆ ಕೂತಿರಿ ಎಂದು ಡಾಕ್ಟರು ಎಷ್ಟು ಹೇಳಿದರೂ ಡ್ರಾಯಿಂಗ್ ಮಿಸ್ ಒಪ್ಪಲಿಲ್ಲ. "ನಮ್ಮಿಬ್ಬರದೂ ಒಟ್ಟಿಗೇ ಹೇಳಿ ಡಾಕ್ಟ್ರೇ. ಮಿಸ್ ಹತ್ರ ನಂದೇನು ಮುಚ್ಚುಮರೆ?" ಎಂದರು. ಸ್ಲೈಡಮ್ಮ ಎಣಿಕೆಯ ಹಾಳೆ ಕೊಟ್ಟಳು. ರಾತ್ರಿಯೆಲ್ಲ ಕಣ್ಣಿಗೆ ನಿದ್ದೆ ಹತ್ತದೆ ಮುಖ ಬಾಡಿತ್ತು. ಡಾಕ್ಟರು ಲಕೋಟೆ ಒಡೆದರು.

"ಹೆಡ್‌ಮಿಸ್ ಅವರದು ನಲವತ್ತೆಂಟು," ಎಂದರು. ಬೆರಳು ಸಾಲಿನ ಮೇಲೆ ಓಡಿತು. "ಬಲ ಎರಡು. ಎಡ... ಮೂರು!"

"ಏನು?" ಸ್ಲೈಡಮ್ಮ ಹಾಳೆಯನ್ನು ಕಸಿದುಕೊಂಡು ನೋಡಿದಳು. ನಲವತ್ತೆಂಟು, ಎಡಗೆನ್ನೆ, ಮೂರು. ಅವಳದೇ ಅಕ್ಷರ. "ಮೂರು ಅತ್ತೆ! ಹತ್ತೊಂಬತ್ತಿದ್ದದ್ದು ಮೂರು!" ಎಂದು ಕಿರುಚಿ ಅತ್ತೆಯನ್ನು ತಬ್ಬಿಕೊಂಡಳು. ಇಪ್ಪತ್ತು ವರ್ಷದಲ್ಲಿ ಹಾಗೆ ತಬ್ಬಿದ್ದಿಲ್ಲ. ಹೆಡ್‌ಮಿಸ್ಸೂ ಏನು ಮಾಡಬೇಕೆಂದು ತೋಚದೆ ಸೊಸೆಯ ಬೆನ್ನು ತಟ್ಟಿದರು. ಡಾಕ್ಟರು ದೀಪ ಹಚ್ಚಿ ನೋಡಿದರೆ ಕಲೆಯೂ ಇರಲಿಲ್ಲ, ಜಾಗ ನುಣ್ಣಗೆ ಕೆಂಪಗಿತ್ತು.

"ಪಾಸು," ಎಂದರು ಹೆಡ್‌ಮಿಸ್, ಗಂಭೀರವಾಗಿ. ಆಮೇಲೆ ಸೊಸೆಯ ಕಡೆ ತಿರುಗಿ, "ನಿನಗೆ ಹತ್ತಕ್ಕೆ ಹತ್ತು," ಎಂದರು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಡ್ರಾಯಿಂಗ್ ಮಿಸ್. ಅವರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಆಗ ಸ್ಲೈಡಮ್ಮನಿಗೆ ನೆನಪಾಯಿತು. "ಹಂಗಾದ್ರೆ ಸಾರ್, ನಲವತ್ನಾಲ್ಕು ಯಾರದು?"

ಡಾಕ್ಟರು ಅರ್ಜಿ ತೆಗೆದರು, ಮೊದಲನೆಯ ಪ್ರಶ್ನೆಗೆ ಹೌದು ಎಂದು ಬರೆದಿತ್ತು. ನಿಧಾನವಾಗಿ ಡ್ರಾಯಿಂಗ್ ಮಿಸ್ ಕಡೆಗೆ ನೋಡಿದರು.

"ನಂದಾ? ಎಷ್ಟು ಬಂದಿದೆ?"

"ಎಡಗಡೆ ಹದಿನೆಂಟು ಮಿಸ್."

ಹೆಡ್‌ಮಿಸ್ ಗದರಿದರು. "ನೀನ್ಯಾವಾಗ ಕಲಿತೆ ಈ ಕರ್ಮನ?"

"ಹದಿನೈದು ವರ್ಷ ಆಯ್ತಲ್ಲ ಮಿಸ್," ಎಂದರು ಡ್ರಾಯಿಂಗ್ ಮಿಸ್, ಇನ್ನೂ ನಗುತ್ತಲೇ. "ಸ್ಟಾಫ್ ರೂಮಿನಲ್ಲಿ ಹಲ್ಲುನೋವು ಅಂತ ಕೂತಿದ್ದೆ, ನೀವೇ ಬಂದು ಒಂದು ಚಿಟಿಕೆ ಕೊಟ್ರಿ, ಮರ್ತುಬಿಟ್ರಾ? ಎಡಗಡೆ ಒತ್ತಿಟ್ಕೋ ಅಂದ್ರಿ. ಅವತ್ತಿಂದ ಬಿಟ್ಟೇ ಇಲ್ಲ ನೋಡಿ. ನಿಮ್ಮ ಪುಣ್ಯ, ಆಮೇಲೆ ಹಲ್ಲುನೋವೇ ಬರಲಿಲ್ಲ."

ಹೆಡ್‌ಮಿಸ್ಸಿನ ಮುಖ ಬಿಳಿಚಿಕೊಂಡಿತು. ಅವರು ಎಡಗೈಯನ್ನು ಮುಂದೆ ಹಿಡಿದು ಬೆರಳು ಮಡಿಸತೊಡಗಿದರು. "ಲೆಕ್ಕದ ಮಿಸ್ಸಿಗೆ ಕೊಟ್ಟೆ. ಹೊಲಿಗೆ ಮಿಸ್ಸಿಗೆ ಕೊಟ್ಟೆ. ಗಂಟೆ ಹೊಡೀತಿದ್ದ ಆಯಮ್ಮನಿಗೆ. ಲೈಬ್ರರಿಯವಳಿಗೆ. ನಿನಗೆ." ಐದು ಬೆರಳೂ ಮುಗಿದು ಮುಷ್ಟಿಯಾಯಿತು. "ಡಾಕ್ಟ್ರೇ, ಬ್ರಶ್ಶು ಎಷ್ಟಿದಾವೆ?"

"ಬೇಕಾದಷ್ಟಿವೆ ಮಿಸ್. ಆದ್ರೆ ಅವರೆಲ್ಲ ಬರ್ತಾರಾ?"

"ಬರದೆ ಏನು? ಇವತ್ತೇ ಒಬ್ಬೊಬ್ಬರ ಮನೆಗೂ ಹೋಗ್ತೀನಿ. ಕೈ ಹಿಡಿದು ಎಳ್ಕೊಂಡು ಬರ್ತೀನಿ. ಕೊಟ್ಟೋಳು ನಾನು, ಬಿಡಿಸೋಳೂ ನಾನೇ."

"ನಾನೂ ಬರ್ತೀನಿ ಅತ್ತೆ," ಎಂದಳು ಸ್ಲೈಡಮ್ಮ.

"ನೀನು ಎಣಿಸು. ನಿನ್ನ ಕೆಲಸ ಅಲ್ಲಿದೆ."

ಡ್ರಾಯಿಂಗ್ ಮಿಸ್ಸಿಗೆ ಆಗಷ್ಟೇ ಸ್ವಲ್ಪ ಗಾಬರಿಯಾದಂತಿತ್ತು. ನಗು ಬಿಡದೆ, "ಮಿಸ್, ನಿಮಗೆ ಆರು ವಾರಕ್ಕೆ ಇಳೀತಲ್ಲ, ನನಗೂ ಇಳಿಯುತ್ತೆ ಅಲ್ವಾ?" ಎಂದು ಕೇಳಿದರು.

ಹೆಡ್‌ಮಿಸ್ ಅವರ ಮುಂದೆ ಹೋಗಿ ನಿಂತರು. ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದರು. "ಬಾಯಿ ತೆಗಿ," ಎಂದರು. ಗದರಲು ಹೊರಟ ಧ್ವನಿ ಅರ್ಧಕ್ಕೇ ಒಡೆದುಹೋಯಿತು. "ತೆಗಿಯೇ, ಮಾರಾಯ್ತಿ. ಡಾಕ್ಟರು ನೋಡಲಿ. ನಾನೂ ನೋಡಬೇಕು."